ಗೋಮೋಂ ಕಂಪನಿಯ ಮೊದಲ ಇಪ್ಪತ್ತು ವರ್ಷಗಳು: ಕೊಡಿಯಾಲ್‌ಬೈಲಿನ ಒಂದು ಚಿತ್ರಮಾಲಿಕೆಯ ವಿಮರ್ಶೆ

ಸಿನಿಮಾದ ಚರಿತ್ರೆಯನ್ನು ಪರಿಚಯಿಸುವ ಕಾರ್ಯಕ್ರಮಗಳು ಬಹುಪಾಲು ನಿರ್ದೇಶಕರ ಹೆಸರುಗಳ ಬೆನ್ನು ಹತ್ತಿ ಹೋಗುತ್ತವೆ. ಕ್ಯಾಮೆರಾವನ್ನು ಯಾರು ಮಾಡಿದರು, ಹಣವನ್ನು ಯಾರು ಹೂಡಿದರು, ಸುರುಳಿಗಳನ್ನು ಯಾರಿಗೆ ಮಾರಿದರು ಎಂಬ ಪ್ರಶ್ನೆಗಳು ಅಲ್ಲಿ ಹಿನ್ನೆಲೆಗೆ ಸರಿಯುತ್ತವೆ. ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ಸಿನಿಮಾಸಕ್ತರ ಒಂದು ಸಣ್ಣ ಬಳಗವು ಈ ಮಳೆಗಾಲದ ಆದಿತ್ಯವಾರಗಳ ಬೆಳಗಿನ ಹೊತ್ತು ನಡೆಸಿದ ಚಿತ್ರಮಾಲಿಕೆಯು ಈ ರೂಢಿಯನ್ನು ಬಿಟ್ಟು ಒಂದು ವ್ಯಾಪಾರಿ ಸಂಸ್ಥೆಯನ್ನೇ ಕಥಾನಾಯಕನ ಸ್ಥಾನದಲ್ಲಿ ಕೂರಿಸಿತು. ಆ ಸಂಸ್ಥೆ ಫ್ರಾನ್ಸಿನ ಗೋಮೋಂ ಕಂಪನಿ. 1895ರಲ್ಲಿ ಆರಂಭವಾದ ಅದು ಇಂದಿಗೂ ಚಿತ್ರಗಳನ್ನು ತಯಾರಿಸುತ್ತಿದ್ದು, ಜಗತ್ತಿನಲ್ಲಿ ಈಗ ಕಾರ್ಯನಿರತವಾಗಿರುವ ಚಿತ್ರಸಂಸ್ಥೆಗಳಲ್ಲಿ ಅತ್ಯಂತ ಹಳೆಯದು. ಅದರ ಮೊದಲ ಎರಡು ದಶಕಗಳನ್ನು ಯಂತ್ರದ ಕಡೆಯಿಂದ ನೋಡಿದರೆ ಚಿತ್ರಗಳೂ ಬೇರೆಯಾಗಿ ಕಾಣುತ್ತವೆ ಎಂಬುದನ್ನು ಈ ಮಾಲಿಕೆ ನನಗೆ ಮನವರಿಕೆ ಮಾಡಿಕೊಟ್ಟಿತು. ಕೊರತೆಗಳು ಇದ್ದವು, ಕೆಲವು ಗಂಭೀರವಾದವೇ ಇದ್ದವು. ಆದರೂ ಕರಾವಳಿಯಲ್ಲಿ ಇಂಥ ಪ್ರಯತ್ನ ತೀರ ಅಪರೂಪವಾದ್ದರಿಂದ ಅದನ್ನು ವಿವರವಾಗಿಯೇ ದಾಖಲಿಸಬೇಕೆನಿಸಿತು.

ಮೊದಲಿಗೆ ವ್ಯವಸ್ಥೆಯ ವಿಷಯ. ಪ್ರದರ್ಶನ ನಡೆದದ್ದು ಹಳೆಯ ಕಟ್ಟಡವೊಂದರ ಎರಡನೆಯ ಮಾಳಿಗೆಯ ಸಣ್ಣ ಸಭಾಂಗಣದಲ್ಲಿ. ಲಿಫ್ಟ್ ಇಲ್ಲ, ಮೆಟ್ಟಿಲುಗಳು ಕಡಿದಾಗಿವೆ. ಮೊಣಕಾಲು ನೋವಿರುವ ಹಿರಿಯರು ಕೈಕಂಬಿ ಹಿಡಿದು ನಿಂತು ನಿಂತು ಹತ್ತುವುದನ್ನು ಪ್ರತಿಸಲವೂ ನೋಡಬೇಕಾಯಿತು. ಪ್ರೇಕ್ಷಕರಲ್ಲಿ ಅರ್ಧದಷ್ಟು ಮಂದಿ ನಿವೃತ್ತರೇ ಆಗಿರುವಾಗ ನೆಲ ಅಂತಸ್ತಿನ ಜಾಗವೊಂದನ್ನು ಹುಡುಕುವುದು ಸಂಘಟಕರ ಮೊದಲ ಕೆಲಸವಾಗಬೇಕು. ಪರದೆ ಚೆನ್ನಾಗಿತ್ತು, ಕತ್ತಲೆಯೂ ಸಾಕಷ್ಟಿತ್ತು, ಕುರ್ಚಿಗಳು ಮಾತ್ರ ಮದುವೆ ಚಪ್ಪರದ ಪ್ಲಾಸ್ಟಿಕ್ ಕುರ್ಚಿಗಳು. ಮಧ್ಯಂತರದಲ್ಲಿ ಕೊಟ್ಟ ಬನ್ಸ್, ಗೋಳಿಬಜೆ ಮತ್ತು ಕಾಫಿಯ ಬಗ್ಗೆ ಯಾವ ದೂರೂ ಇಲ್ಲ. ಇಡೀ ಮಾಲಿಕೆಗೆ ಪಡೆದ ಶುಲ್ಕ, ಮಾಲಿನ ಚಿತ್ರಮಂದಿರದಲ್ಲಿ ಕುಟುಂಬವೊಂದು ಒಂದು ಸಂಜೆ ಖರ್ಚು ಮಾಡುವ ಮೊತ್ತಕ್ಕಿಂತ ಕಡಿಮೆ. ವಿದ್ಯಾರ್ಥಿಗಳಿಗೆ ಅದರಲ್ಲೂ ಅರ್ಧ. ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಮುಂಜಿಗಳಿಲ್ಲ, ಮೇ ಕೊನೆಯ ಪತ್ತನಾಜೆ ದಿನದ ಬಳಿಕ ಯಕ್ಷಗಾನ ಮೇಳಗಳೂ ತಿರುಗಾಟ ನಿಲ್ಲಿಸಿರುತ್ತವೆ. ಹಾಗಾಗಿ ಸಭಾಂಗಣವೂ ಕಲಾವಿದರೂ ಬಿಡುವಾಗಿ ಸಿಗುವ ಕಾಲವನ್ನು ಆಯ್ದುಕೊಂಡದ್ದು ಜಾಣತನದ ತೀರ್ಮಾನ.

ಮೊದಲ ಬೆಳಗ್ಗೆ ಬಹಳ ಹೊತ್ತು ಪರದೆಯ ಮೇಲೆ ಏನನ್ನೂ ತೋರಿಸಲಿಲ್ಲ. ಬಳಗದ ಹಿರಿಯರೊಬ್ಬರು 35 ಮಿ.ಮೀ. ಫಿಲ್ಮಿನ ಒಂದೊಂದು ಅಡಿ ಉದ್ದದ ತುಂಡುಗಳನ್ನು ಎಲ್ಲರ ಕೈಗೂ ಕೊಟ್ಟು ಚೌಕಟ್ಟುಗಳನ್ನು ಎಣಿಸಲು ಹೇಳಿದರು. ಅಡಿಗೆ 16 ಚೌಕಟ್ಟು. ಕೈಯಿಂದ ತಿರುಗಿಸುವ ಯಂತ್ರದಲ್ಲಿ ಸೆಕೆಂಡಿಗೆ ಸುಮಾರು ಅಷ್ಟೇ ಚೌಕಟ್ಟುಗಳು ಓಡುತ್ತಿದ್ದವು ಎಂದಾದರೆ 20 ಮೀಟರಿನ ಒಂದು ಸುರುಳಿ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಆರಂಭದ ಕಾಲದ ಚಿತ್ರಗಳು ಏಕೆ ಅಷ್ಟು ಚಿಕ್ಕವು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ನಾನು ಯಾವ ಉಪನ್ಯಾಸದಲ್ಲೂ ಕೇಳಿರಲಿಲ್ಲ. ಎದುರಿನ ಸಾಲಿನಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದು ಚಿತ್ರದಲ್ಲೂ ಕೈ ಎಷ್ಟೆಷ್ಟು ಸರಿದಿದೆ ಎಂದು ಪಕ್ಕದವರಿಗೆ ತೋರಿಸುತ್ತಿದ್ದಳು.

ಆ ಬಳಿಕ ಅಂಗಡಿಯ ಕಥೆ. ಲಿಯೋನ್ ಗೋಮೋಂ 1864ರಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಜೂಲ್ ಕಾರ್ಪಾಂತಿಯೇ ಅವರ ಸೂಕ್ಷ್ಮ ಉಪಕರಣಗಳ ಕಾರ್ಯಾಗಾರಕ್ಕೆ ಸೇರಿ ಕೆಲಸ ಕಲಿತರು. ಚಲಿಸುವ ಚಿತ್ರಗಳನ್ನು ಸೆರೆಹಿಡಿದು ತೋರಿಸುವ ಲೂಮಿಯೇರ್ ಸಹೋದರರ ಯಂತ್ರವನ್ನು ಮುಂದೆ ದೊಡ್ಡ ಸಂಖ್ಯೆಯಲ್ಲಿ ತಯಾರಿಸಿಕೊಟ್ಟವರೂ ಇದೇ ಕಾರ್ಪಾಂತಿಯೇ. 1893ರಲ್ಲಿ ಗೋಮೋಂ ಪ್ಯಾರಿಸಿನ ಛಾಯಾಗ್ರಹಣ ಸಾಮಗ್ರಿಗಳ ಅಂಗಡಿಯೊಂದರ ಆಡಳಿತ ವಹಿಸಿಕೊಂಡರು. ಅದರ ಒಡೆಯ ಫೆಲಿಕ್ಸ್ ಮಾಕ್ಸ್ ರಿಶಾರ್ ತನ್ನ ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಸೋತು ವ್ಯವಹಾರವನ್ನು ಮಾರಬೇಕಾಗಿ ಬಂದಾಗ, 1895ರ ಆಗಸ್ಟಿನಲ್ಲಿ ಗೋಮೋಂ ಅದನ್ನು ಕೊಂಡರು. ಹಣ ಹೂಡಿದವರಲ್ಲಿ ಗೋಪುರದ ಇಂಜಿನಿಯರ್ ಗುಸ್ತಾವ್ ಐಫೆಲ್ ಇದ್ದರು, ಮೊಂ ಬ್ಲಾಂ ಪರ್ವತದ ವೀಕ್ಷಣಾಲಯವನ್ನು ಕಟ್ಟಿಸಿದ ಜೋಸೆಫ್ ವಾಲೋ ಇದ್ದರು. ಅಂದರೆ ಈ ಕಂಪನಿಯ ತೊಟ್ಟಿಲನ್ನು ತೂಗಿದವರು ನಾಟಕದ ಮಂದಿಯಲ್ಲ, ವಿಜ್ಞಾನ ಮತ್ತು ಯಂತ್ರಗಳ ಮಂದಿ. ಆ ವರ್ಷವೇ ಗೋಮೋಂ, ಚಲನೆಯನ್ನು ಛಾಯಾಚಿತ್ರಗಳಲ್ಲಿ ಬಿಡಿಸಿ ಅಧ್ಯಯನ ಮಾಡುತ್ತಿದ್ದ ಎತಿಯೆನ್ ಜೂಲ್ ಮರೇ ಅವರ ಮಾಜಿ ಸಹಾಯಕ ಜಾರ್ಜ್ ದೆಮೆನಿಯೊಡನೆ ಒಪ್ಪಂದ ಮಾಡಿಕೊಂಡು, 60 ಮಿ.ಮೀ. ಅಗಲದ ಫಿಲ್ಮ್ ಬಳಸುವ ಕ್ಯಾಮೆರಾವನ್ನು ಮಾರುಕಟ್ಟೆಗೆ ತರಲು ಹೊರಟರು. ಆ ಅಗಲ ನಿಲ್ಲಲಿಲ್ಲ. ಮಾರುಕಟ್ಟೆ 35 ಮಿ.ಮೀ. ಕಡೆಗೆ ವಾಲಿತು, ಗೋಮೋಂ ಕೂಡ ಅದಕ್ಕೆ ಹೊಂದಿಕೊಂಡರು.

ಸಂಘಟಕರು ಇಲ್ಲಿ ಒತ್ತಿ ಹೇಳಿದ ಅಂಶವೇ ಮಾಲಿಕೆಯ ಬೆನ್ನೆಲುಬು. ಕಂಪನಿಗೆ ಬೇಕಾಗಿದ್ದದ್ದು ಕ್ಯಾಮೆರಾ ಮತ್ತು ಪ್ರೊಜೆಕ್ಟರುಗಳ ಮಾರಾಟ. ಯಂತ್ರ ಕೊಂಡವನಿಗೆ ಅದರಲ್ಲಿ ಓಡಿಸಲು ಏನಾದರೂ ಬೇಕಲ್ಲ ಎಂಬ ಕಾರಣಕ್ಕೆ ಚಿತ್ರಗಳು. ರೈಲು ಬರುವುದು, ಸೈನಿಕರು ಸಾಗುವುದು, ಕಾರ್ಮಿಕರು ಹೊರಬರುವುದು ಇಷ್ಟಿದ್ದರೆ ಯಂತ್ರ ಕೆಲಸ ಮಾಡುತ್ತದೆಂದು ಗಿರಾಕಿಗೆ ತೋರಿಸಲು ಸಾಕು. ಈ ಹಿನ್ನೆಲೆ ತಿಳಿದ ಮೇಲೆ ಆಲಿಸ್ ಗೀ ಅವರ ಹೆಜ್ಜೆ ಎಷ್ಟು ದೊಡ್ಡದು ಎಂಬುದು ಅರಿವಾಗುತ್ತದೆ.

ಆಲಿಸ್ ಗೀ 1873ರಲ್ಲಿ ಹುಟ್ಟಿದರು. 1894ರಲ್ಲಿ ಅದೇ ಛಾಯಾಗ್ರಹಣ ಅಂಗಡಿಗೆ ಟೈಪಿಂಗ್ ಮತ್ತು ಶೀಘ್ರಲಿಪಿ ಬಲ್ಲ ಕಾರ್ಯದರ್ಶಿಯಾಗಿ ಸೇರಿದರು. 1895ರ ಮಾರ್ಚಿನಲ್ಲಿ ಲೂಮಿಯೇರ್ ಸಹೋದರರು ಆಹ್ವಾನಿತರ ಮುಂದೆ ನಡೆಸಿದ ಪ್ರದರ್ಶನಕ್ಕೆ ಗೋಮೋಂ ಜೊತೆ ತಾವೂ ಹೋಗಿದ್ದಾಗಿ ಅವರು ಬರೆದಿದ್ದಾರೆ. ಕಥೆಯಿರುವ ಸಣ್ಣ ದೃಶ್ಯಗಳನ್ನು ಮಾಡಿ ನೋಡಲು ಅನುಮತಿ ಕೇಳಿದಾಗ, ಕಚೇರಿಯ ಕೆಲಸಕ್ಕೆ ಧಕ್ಕೆ ಬಾರದಿದ್ದರೆ ಸರಿ ಎಂಬ ಷರತ್ತಿನೊಂದಿಗೆ ಒಪ್ಪಿಗೆ ಸಿಕ್ಕಿತಂತೆ. ಪ್ಯಾರಿಸಿನ ಬೆಲ್‌ವಿಲ್ ಬಳಿ ಕಂಪನಿಯ ಪ್ರಯೋಗಾಲಯದ ಪಕ್ಕದ ಜಗಲಿಯಲ್ಲಿ, ಚಿತ್ರ ಬರೆದ ಹಿನ್ನೆಲೆಯ ಬಟ್ಟೆಯ ಮುಂದೆ, ಎಲೆಕೋಸಿನ ತೋಟದಿಂದ ಕೂಸುಗಳನ್ನು ಎತ್ತಿ ತರುವ ಅಪ್ಸರೆಯ ಚಿತ್ರ ತಯಾರಾಯಿತು. ಅದು 1896ರದ್ದೆಂದು ಅವರ ನೆನಪು. ಇಂದು ಉಳಿದಿರುವ ಒಂದು ನಿಮಿಷದ ಪ್ರತಿ 1900ರ ಸುಮಾರಿಗೆ ಮತ್ತೆ ಚಿತ್ರಿಸಿದ್ದೆಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಸಂಘಟಕರು ಈ ಭಿನ್ನಾಭಿಪ್ರಾಯವನ್ನು ಮರೆಮಾಚದೆ ಎರಡನ್ನೂ ಹೇಳಿದರು. ಜಗತ್ತಿನ ಮೊದಲ ಕಥಾಚಿತ್ರ ಎಂಬ ಪಟ್ಟವನ್ನು ಕೊಡುವ ಆತುರ ತೋರದೆ, ಕಥೆ ಹೇಳುವುದನ್ನೇ ಕೆಲಸವಾಗಿ ಕೈಗೆತ್ತಿಕೊಂಡ ಮೊದಲಿಗರಲ್ಲಿ ಒಬ್ಬರು, ಮೊದಲ ಮಹಿಳಾ ನಿರ್ದೇಶಕಿ ಎಂಬಲ್ಲಿಗೆ ಮಾತು ನಿಲ್ಲಿಸಿದರು. ಈ ಸಂಯಮ ನನಗೆ ಬಹಳ ಮೆಚ್ಚುಗೆಯಾಯಿತು.

ಅವರ 1906ರ ಚಿತ್ರಗಳ ಆಯ್ಕೆ ಮಾಲಿಕೆಯ ಶ್ರೇಷ್ಠ ಭಾಗ. ಒಂದರಲ್ಲಿ ಬಸುರಿ ಹೆಂಗಸೊಬ್ಬಳು ಗಂಡನೊಡನೆ ಬೀದಿಯಲ್ಲಿ ಹೋಗುತ್ತ ಮಗುವಿನ ಕೈಯ ಮಿಠಾಯಿ, ಗಿರಾಕಿಯ ಮದ್ಯದ ಲೋಟ, ಬಡವನ ಮೀನು, ವ್ಯಾಪಾರಿಯ ಚುಟ್ಟಾಕೊಳವೆ ಹೀಗೆ ಬಯಕೆಯಾದದ್ದನ್ನೆಲ್ಲ ಕಸಿದುಕೊಳ್ಳುತ್ತಾಳೆ. ಪ್ರತಿಸಲವೂ ಕ್ಯಾಮೆರಾ ಹತ್ತಿರ ಬಂದು ಅವಳ ಮುಖದ ತೃಪ್ತಿಯನ್ನು ಮಾತ್ರ ತೋರಿಸುತ್ತದೆ. ಮುಖವನ್ನು ಸಮೀಪದಿಂದ ತೋರಿಸುವುದು ಆಗ ಕುತೂಹಲದ ತಂತ್ರವಾಗಿ ಬಳಕೆಯಾಗುತ್ತಿತ್ತು. ಇಲ್ಲಿ ಅದು ಪಾತ್ರದ ಒಳಗಿನ ಸುಖವನ್ನು ಹೇಳುತ್ತದೆ. ಸಭಾಂಗಣದಲ್ಲಿದ್ದ ಹೆಂಗಸರು ಮನಬಿಚ್ಚಿ ನಕ್ಕದ್ದನ್ನು ಕೇಳಿದಾಗ, ಬಯಕೆಯ ಸೀಮಂತದ ಊರಿನಲ್ಲಿ ಈ ಚಿತ್ರಕ್ಕೆ ವಿವರಣೆಯೇ ಬೇಡವೆಂಬುದು ಗೊತ್ತಾಯಿತು. ಇನ್ನೊಂದರಲ್ಲಿ ಗಂಡಸರು ಹೊಲಿಗೆ, ಇಸ್ತ್ರಿ, ಮಕ್ಕಳ ಪಾಲನೆಯಲ್ಲಿ ತೊಡಗಿದ್ದಾರೆ; ಹೆಂಗಸರು ಕಾಫಿ ಅಂಗಡಿಯಲ್ಲಿ ಕಾಲು ಚಾಚಿ ಹೊಗೆ ಬಿಡುತ್ತ ಕುಳಿತಿದ್ದಾರೆ. ಸ್ತ್ರೀವಾದವನ್ನು ಹಾಸ್ಯ ಮಾಡುವ ಚಿತ್ರ ಇದು ಎಂದು ಮೊದಲ ನೋಟಕ್ಕೆ ಅನ್ನಿಸಬಹುದು. ಆದರೆ ಆ ಹೆಂಗಸರು ನಡೆದುಕೊಳ್ಳುವ ರೀತಿಯೆಲ್ಲ ಅಂದಿನ ಗಂಡಸರ ನಿತ್ಯದ ನಡವಳಿಕೆಯೇ ಆಗಿರುವುದರಿಂದ, ನಗು ಕ್ರಮೇಣ ಯಾರ ಕಡೆಗೆ ತಿರುಗುತ್ತದೆ ಎಂಬುದು ಚರ್ಚೆಯಲ್ಲಿ ಚೆನ್ನಾಗಿ ಹೊರಬಂತು. ಈ ಚರ್ಚೆಗೆ ಇನ್ನಷ್ಟು ಸಮಯ ಕೊಡಬೇಕಾಗಿತ್ತು.

ಅದೇ 1906ರ ಏಸುಕ್ರಿಸ್ತನ ಜೀವನದ ಚಿತ್ರಕ್ಕೆ ಸಭಾಂಗಣ ತುಂಬಿತ್ತು. 25 ದೃಶ್ಯಗಳು, ಸುಮಾರು 300 ಸಹನಟರು, ಅರ್ಧ ಗಂಟೆಗೂ ಮೀರಿದ ಅವಧಿ. ಅಂದಿನ ಲೆಕ್ಕದಲ್ಲಿ ಇದು ಭಾರೀ ಬಂಡವಾಳದ ಕೆಲಸ. ಹಿಂದಿನ ವರ್ಷವಷ್ಟೇ ಪ್ಯಾರಿಸಿನ ಬ್ಯೂತ್ ಶೋಮೋಂ ಪ್ರದೇಶದಲ್ಲಿ ಕಂಪನಿ ಕಟ್ಟಿದ ಉಕ್ಕು ಮತ್ತು ಗಾಜಿನ ವಿಶಾಲ ಸ್ಟುಡಿಯೋ ಇಲ್ಲದಿದ್ದರೆ ಇಷ್ಟು ದೊಡ್ಡ ರಂಗಸಜ್ಜಿಕೆ ಸಾಧ್ಯವಾಗುತ್ತಿರಲಿಲ್ಲ. ದೃಶ್ಯಗಳ ಜೋಡಣೆಗೆ ಚಿತ್ರಕಾರ ಜೇಮ್ಸ್ ತಿಸ್ಸೋ ಬೈಬಲ್ ಕಥೆಗಳಿಗೆ ಬರೆದ ಚಿತ್ರಗಳು ಮಾದರಿ. ನಮ್ಮ ಕಥೋಲಿಕ ಹಿರಿಯರು ದೃಶ್ಯ ಬದಲಾಗುವ ಮೊದಲೇ ಮುಂದಿನದೇನೆಂದು ಮೆಲ್ಲಗೆ ಕೊಂಕಣಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಶಿಲುಬೆಯ ಹಾದಿಯನ್ನು ವರ್ಷವರ್ಷವೂ ನಡೆದವರಿಗೆ ಈ ಕ್ರಮ ಬಾಯಿಪಾಠ. ಶಿಲುಬೆ ಹೊತ್ತ ಏಸುವಿನ ಸುತ್ತ, ಸಮಾಧಿಯ ಬಳಿ, ಮಕ್ಕಳ ನಡುವೆ ಹೆಂಗಸರು ಎಷ್ಟು ಬಾರಿ ಚೌಕಟ್ಟಿನ ಮಧ್ಯಕ್ಕೆ ಬರುತ್ತಾರೆ ಎಂಬುದರ ಕಡೆಗೆ ವಿವರಣೆಕಾರರು ಗಮನ ಸೆಳೆದರು. ಬಳಿಕ, ಇದೇ ಊರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆಗಳಲ್ಲಿ ಇಟಲಿಯ ಜೆಸ್ವಿಟ್ ಚಿತ್ರಕಾರ ಆಂಟೋನಿಯೊ ಮೊಸ್ಕೇನಿ ಆ ಚಿತ್ರಕ್ಕೆ ಕೆಲವೇ ವರ್ಷಗಳ ಮೊದಲು ಬರೆದ ಚಿತ್ರಗಳನ್ನು ಒಮ್ಮೆ ಹೋಗಿ ಈ ಕಣ್ಣಿನಿಂದ ನೋಡಿ ಎಂದು ಸೂಚಿಸಿದರು. ನಾನು ಹೋದೆ. ಒಂದು ಚೌಕಟ್ಟಿನೊಳಗೆ ಇಡೀ ಘಟನೆಯನ್ನು ತುಂಬಿ, ಮುಖ್ಯ ವ್ಯಕ್ತಿಯನ್ನು ಗುಂಪಿನ ನಡುವೆಯೂ ತಟ್ಟನೆ ಗುರುತಿಸುವಂತೆ ನಿಲ್ಲಿಸುವ ಶಿಸ್ತು ಎರಡರಲ್ಲೂ ಇದೆ. ಕ್ಯಾಮೆರಾ ಅಲುಗದ ಆ ಕಾಲದ ಚಿತ್ರಗಳನ್ನು ಕೊರತೆಯೆಂದು ನೋಡದೆ, ಹಾಗೆ ನೋಡುವುದು ರೂಢಿಯಲ್ಲಿದ್ದ ಪ್ರೇಕ್ಷಕರಿಗಾಗಿ ಮಾಡಿದ ಕೆಲಸವೆಂದು ನೋಡಲು ಈ ಒಂದು ಸೂಚನೆ ನನಗೆ ದಾರಿ ತೋರಿತು.

ವಿವರಣೆಯ ಬಗ್ಗೆ ಇಲ್ಲಿಯೇ ಹೇಳಬೇಕು. ಮೂಕಿಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕ ನಿಂತು ಕಥೆಯನ್ನು ಬಾಯಿಮಾತಿನಲ್ಲಿ ನಡೆಸಿಕೊಡುವವರು ಫ್ರಾನ್ಸಿನಲ್ಲಿ ಇದ್ದರು. ಸಂಘಟಕರು ಆ ಸ್ಥಾನಕ್ಕೆ ವೇಷ ಕುಣಿತಗಳಿಲ್ಲದೆ ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ಅರ್ಥ ಹೇಳಿ ಪಳಗಿದ ಹಿರಿಯರೊಬ್ಬರನ್ನು ಕರೆತಂದಿದ್ದರು. ಮೊದಲಿಗೆ ನನಗೆ ಅಳುಕಿತ್ತು: ಮಾತಿನ ಪ್ರವಾಹದಲ್ಲಿ ಚಿತ್ರ ಮುಳುಗಿಹೋದೀತೇ ಎಂದು. ಹಾಗಾಗಲಿಲ್ಲ. ಅವರು ಎದುರು ಅರ್ಥಧಾರಿಗೆ ಮಾತು ಬಿಟ್ಟುಕೊಡುವ ಅಭ್ಯಾಸವುಳ್ಳವರು. ಪರದೆಯನ್ನೇ ಎದುರಾಳಿಯೆಂದು ಭಾವಿಸಿ, ಅದು ಹೇಳುವುದನ್ನು ಅದಕ್ಕೇ ಬಿಟ್ಟು, ಹೇಳದ್ದನ್ನು ಮಾತ್ರ ತಾವು ಹೇಳಿದರು. ದೃಶ್ಯಗಳ ನಡುವೆ ಬರುವ ಫ್ರೆಂಚ್ ಬರಹದ ಫಲಕಗಳ ಕನ್ನಡ ಅನುವಾದವಂತೂ ಅವರ ಬಾಯಲ್ಲಿ ಸೊಗಸಾಗಿ ಕೇಳಿಸಿತು. ಪರದೆಯ ಕೆಳಗೆ ಮೂಡುತ್ತಿದ್ದ ಕನ್ನಡ ಸಬ್‌ಟೈಟಲ್‌ಗಳ ಬಗ್ಗೆ ಈ ಮಾತು ಹೇಳಲಾಗದು. ಅಕ್ಷರ ತೀರ ಚಿಕ್ಕದು, ಕಾಗುಣಿತದ ತಪ್ಪುಗಳು ಬಹಳ, ಕೆಲವು ವಾಕ್ಯಗಳು ಯಂತ್ರ ಮಾಡಿದ ಅನುವಾದದಂತೆ ತಲೆಕೆಳಗಾಗಿದ್ದವು. ವಿವರಣೆಕಾರರು ಇರುವಾಗ ಅವುಗಳ ಅಗತ್ಯವೇ ಇರಲಿಲ್ಲ.

ಧ್ವನಿಯ ಬೆಳಗು ನಾನು ಅತ್ಯಂತ ನಿರೀಕ್ಷೆಯಿಂದ ಕಾದಿದ್ದ ಭಾಗ. ಸಿನಿಮಾ 1927ರ ಬಳಿಕ ಮಾತಾಡಲು ಕಲಿತಿತು ಎಂದು ನಂಬಿಕೊಂಡಿರುವವರಿಗೆ ಚಿತ್ರಕ್ಕೆ ದನಿ ಜೋಡಿಸುವ ಗೋಮೋಂ ಕಂಪನಿಯ ಕ್ರೋನೋಫೋನ್ ಯಂತ್ರ ಬೆರಗು ಹುಟ್ಟಿಸುತ್ತದೆ. ಲಿಯೋನ್ ಗೋಮೋಂ ಇದನ್ನು 1902ರಲ್ಲೇ ಫ್ರಾನ್ಸಿನ ಛಾಯಾಗ್ರಹಣ ಸಂಘದ ಮುಂದೆ ಪ್ರದರ್ಶಿಸಿದರು. ಪ್ರೇಕ್ಷಕರ ಹಿಂದಿನ ಪ್ರೊಜೆಕ್ಟರ್ ಮತ್ತು ಪರದೆಯ ಬಳಿಯ ಧ್ವನಿಮುದ್ರಿಕೆಯ ಯಂತ್ರ ಎರಡನ್ನೂ ವಿದ್ಯುತ್ ಸಂಪರ್ಕದಿಂದ ಬೆಸೆದು ಒಂದೇ ಗತಿಯಲ್ಲಿ ಓಡಿಸುವುದು, ಗತಿ ತಪ್ಪಿದರೆ ನಡೆಸುವವನು ಕೈಯಿಂದ ಸರಿಪಡಿಸುವುದು ಅದರ ಕ್ರಮ. ವಿದ್ಯುತ್ ಧ್ವನಿವರ್ಧಕವಿಲ್ಲದ ಕಾಲದಲ್ಲಿ ದೊಡ್ಡ ಸಭಾಂಗಣಕ್ಕೆ ದನಿ ಮುಟ್ಟಿಸಲು ಒತ್ತಿದ ಗಾಳಿಯ ಬಲವನ್ನು ಬಳಸಿದರು. ಗಾಯಕರು ಮೊದಲು ಹಾಡನ್ನು ಮುದ್ರಿಸುತ್ತಿದ್ದರು. ಆಮೇಲೆ ಕ್ಯಾಮೆರಾದ ಮುಂದೆ ಆ ಮುದ್ರಿಕೆಗೆ ತುಟಿ ಹೊಂದಿಸುತ್ತಿದ್ದರು. ನಮ್ಮ ಸಿನಿಮಾದ ಹಾಡುಗಳು ಇಂದಿಗೂ ಚಿತ್ರೀಕರಣವಾಗುವುದು ಹೀಗೆಯೇ ಎಂಬುದನ್ನು ನೆನಪಿಸಿದಾಗ ಹಿಂದಿನ ಸಾಲುಗಳಲ್ಲಿ ಗುಸುಗುಸು ಎದ್ದಿತು. ಮುದ್ರಿಕೆಯ ಅವಧಿಯೇ ಚಿತ್ರದ ಅವಧಿಯನ್ನೂ ಕಟ್ಟಿಹಾಕುತ್ತಿದ್ದರಿಂದ ಅವು ಮೂರು ನಾಲ್ಕು ನಿಮಿಷಗಳನ್ನು ಮೀರುತ್ತಿರಲಿಲ್ಲ. ಇಂಥ ನೂರಕ್ಕೂ ಹೆಚ್ಚು ಹಾಡುಚಿತ್ರಗಳನ್ನು ಆಲಿಸ್ ಗೀ ನಿರ್ದೇಶಿಸಿದರು. ಮಯೋಲ್, ದ್ರಾನೆಮ್, ಪೊಲಾಂ ಮುಂತಾದ ಆ ಕಾಲದ ಜನಪ್ರಿಯ ಗಾಯಕರು ಅವುಗಳಲ್ಲಿ ಕಾಣಿಸಿಕೊಂಡರು.

ಈ ಬೆಳಗ್ಗೆ ತೋರಿಸಿದ 1905ರ ಒಂದು ತುಣುಕನ್ನು ನಾನು ಮರೆಯಲಾರೆ. ಸ್ಟುಡಿಯೋದೊಳಗೆ ಹಾಡುಚಿತ್ರವೊಂದರ ಚಿತ್ರೀಕರಣ ನಡೆಯುತ್ತಿರುವಾಗ ಇನ್ನೊಂದು ಕ್ಯಾಮೆರಾ ಆ ಇಡೀ ವ್ಯವಸ್ಥೆಯನ್ನು ಸೆರೆಹಿಡಿದಿದೆ. ಧ್ವನಿಯಂತ್ರದ ದೊಡ್ಡ ಕಹಳೆಗಳು, ಬೆಳಕಿನ ದೀಪಗಳು, ಕಲಾವಿದರ ಗುಂಪು, ಅವರ ನಡುವೆ ಓಡಾಡುತ್ತ ಎಲ್ಲವನ್ನೂ ಒಪ್ಪವಾಗಿ ನಿಲ್ಲಿಸುತ್ತಿರುವ ಉದ್ದ ಲಂಗದ ಆಲಿಸ್ ಗೀ. ಚರಿತ್ರೆಯ ಎಷ್ಟೋ ಪುಸ್ತಕಗಳು ಬಹುಕಾಲ ಅವರ ಹೆಸರನ್ನೇ ಬಿಟ್ಟಿದ್ದವು, ಅವರ ಕೆಲಸವನ್ನು ಬೇರೆಯವರ ಖಾತೆಗೆ ಬರೆದಿದ್ದವು. ಅಂಥ ವಾದಗಳ ಎದುರು ಈ ಕೆಲವು ಕ್ಷಣಗಳ ಚಿತ್ರ ನೇರವಾದ ಸಾಕ್ಷ್ಯ. ಸಂಘಟಕರು ಅದನ್ನು ಎರಡು ಬಾರಿ ಓಡಿಸಿದರು, ಎರಡನೆಯ ಸಲ ಸಂಗೀತವಿಲ್ಲದೆ. ಅದು ಸರಿಯಾದ ತೀರ್ಮಾನ.

ಆದರೆ ಹಾಡುಚಿತ್ರಗಳ ಪ್ರದರ್ಶನದಲ್ಲೇ ಮಾಲಿಕೆಯ ಅತಿ ದೊಡ್ಡ ಲೋಪವೂ ಆಯಿತು. ಪ್ರತಿಗಳು ಇಂದಿನ ಸೆಕೆಂಡಿಗೆ 24 ಚೌಕಟ್ಟುಗಳ ಗತಿಯಲ್ಲಿ ಓಡಿದವು. ದನಿ ಒಂದು ಕಡೆ, ತುಟಿ ಇನ್ನೊಂದು ಕಡೆ. ದನಿಗೂ ಚಿತ್ರಕ್ಕೂ ತಾಳ ಕೂಡಿಸುವುದೇ ಜೀವಾಳವಾಗಿರುವ ಯಂತ್ರದ ಬಗ್ಗೆ ಅಷ್ಟು ಚೆನ್ನಾಗಿ ವಿವರಿಸಿದ ಮೇಲೆ ಹೀಗಾದದ್ದು ನೋವಿನ ಸಂಗತಿ. ಗಣಕಯಂತ್ರದಲ್ಲಿ ಗತಿಯನ್ನು ಹೊಂದಿಸಿಕೊಳ್ಳುವುದು ಹಿಂದಿನ ದಿನದ ಒಂದು ಗಂಟೆಯ ಕೆಲಸ. ಮೊದಲ ಬೆಳಗ್ಗೆ ಚೌಕಟ್ಟುಗಳನ್ನು ಎಣಿಸಲು ಕಲಿಸಿದವರಿಂದ ಈ ಎಚ್ಚರವನ್ನು ನಿರೀಕ್ಷಿಸುವುದು ಅತಿಯಲ್ಲ. ಮುಂದಿನ ಬಾರಿ ಬೇರೆ ಎಲ್ಲಕ್ಕಿಂತ ಮೊದಲು ಇದನ್ನು ಸರಿಪಡಿಸಬೇಕು.

ಉಳಿದ ಚಿತ್ರಗಳಿಗೆ ಸಂಗೀತ ಎದುರಿನಲ್ಲೇ ನಡೆಯಿತು. ಇಗರ್ಜಿಯ ಗಾಯನವೃಂದದಲ್ಲಿ ನುಡಿಸುವ ಯುವಕನೊಬ್ಬ ಕೀಬೋರ್ಡಿನಲ್ಲಿ, ಮದ್ದಳೆಗಾರರೊಬ್ಬರು ಅವನ ಪಕ್ಕದಲ್ಲಿ. ಬೆನ್ನಟ್ಟುವ ಹಾಸ್ಯಚಿತ್ರಗಳಿಗೆ ಮದ್ದಳೆ ಅದ್ಭುತವಾಗಿ ಒದಗಿತು. ಏಸುವಿನ ಚಿತ್ರಕ್ಕೆ ಮದ್ದಳೆಯನ್ನು ಪೂರ್ತಿ ನಿಲ್ಲಿಸಿ ಕೀಬೋರ್ಡಿನ ಆರ್ಗನ್ ದನಿಯನ್ನಷ್ಟೇ ಇರಿಸಿಕೊಂಡದ್ದರಲ್ಲಿ ಇಬ್ಬರ ವಿವೇಕವೂ ಕಂಡಿತು.

1907ರಲ್ಲಿ ಆಲಿಸ್ ಗೀ, ಕಂಪನಿಯ ಲಂಡನ್ ಶಾಖೆಯಲ್ಲಿದ್ದ ಹರ್ಬರ್ಟ್ ಬ್ಲಾಶೇ ಅವರನ್ನು ಮದುವೆಯಾಗಿ ಅಮೆರಿಕಕ್ಕೆ ಹೊರಟರು. 1910ರಲ್ಲಿ ಅಲ್ಲಿ ಸೋಲಾಕ್ಸ್ ಎಂಬ ತಮ್ಮದೇ ಚಿತ್ರಸಂಸ್ಥೆಯನ್ನು ಸ್ಥಾಪಿಸಿ, ಮುಂದೆ ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿ ಸ್ಟುಡಿಯೋ ಕಟ್ಟಿಸಿದರು. ಹೊರಡುವ ಮೊದಲು ತಮ್ಮ ಸ್ಥಾನಕ್ಕೆ ಲೂಯಿ ಫೂಯಾದ್ ಅವರ ಹೆಸರನ್ನು ಸೂಚಿಸಿದ್ದೂ ಅವರೇ. ಈ ಎರಡು ವ್ಯಕ್ತಿತ್ವಗಳ ನಡುವೆ ಎಮಿಲ್ ಕೋಲ್ ಬರುತ್ತಾರೆ. ಐವತ್ತು ದಾಟಿದ ವ್ಯಂಗ್ಯಚಿತ್ರಕಾರ ಕೋಲ್ ಕಂಪನಿಗೆ ಸೇರಿ, ಸುಮಾರು 700 ರೇಖಾಚಿತ್ರಗಳನ್ನು ಬರೆದು, ಒಂದೊಂದನ್ನೂ ಎರಡೆರಡು ಚೌಕಟ್ಟಿಗೆ ಚಿತ್ರಿಸಿ, ನೆಗೆಟಿವ್ ಪ್ರತಿಯನ್ನೇ ತೋರಿಸುವ ಮೂಲಕ ಕಪ್ಪುಹಲಗೆಯ ಮೇಲೆ ಸುಣ್ಣದ ಗೆರೆ ಓಡಿದಂತೆ ಕಾಣುವ ಚಿತ್ರವೊಂದನ್ನು ಮಾಡಿದರು. 1908ರ ಆಗಸ್ಟ್ 17ರಂದು ಪ್ಯಾರಿಸಿನಲ್ಲಿ ಅದು ತೆರೆ ಕಂಡಿತು. ಎರಡು ನಿಮಿಷವೂ ಇಲ್ಲದ ಆ ಚಿತ್ರದಲ್ಲಿ ಆಕಾರಗಳು ಒಂದರಿಂದೊಂದು ಹುಟ್ಟಿ ಕರಗುವ ಬಗೆಯನ್ನು ನೋಡಿ, ಅಮ್ಮನ ಮಡಿಲಲ್ಲಿದ್ದ ಪುಟ್ಟ ಹುಡುಗನೊಬ್ಬ "ಇನ್ನೊಮ್ಮೆ" ಎಂದು ಕೂಗಿದ. ಅವನ ಮಾತನ್ನು ಸಂಘಟಕರು ನಡೆಸಿಕೊಟ್ಟರು.

ಫೂಯಾದ್ ಅವರಿಗೆ ನ್ಯಾಯ ಸಿಗಲಿಲ್ಲ ಎಂಬುದು ನನ್ನ ತೀರ್ಪು. ದಕ್ಷಿಣ ಫ್ರಾನ್ಸಿನ ಲೂನೆಲ್ ಊರಿನಿಂದ ಬಂದ ಈ ಪತ್ರಕರ್ತರು ಕಥೆ ಬರೆಯುವವರಾಗಿ ಸೇರಿ ಕಲಾವಿಭಾಗದ ಮುಖ್ಯಸ್ಥರಾದವರು. 1925ರಲ್ಲಿ ತೀರಿಕೊಳ್ಳುವವರೆಗೆ ನೂರಾರು ಚಿತ್ರಗಳನ್ನು ಮಾಡಿದವರು. 1913 ಮತ್ತು 1914ರಲ್ಲಿ ಐದು ಭಾಗಗಳಲ್ಲಿ ಬಂದ ವೇಷಮರೆಸುವ ಕಳ್ಳನ ಕಥೆ, 1915 ಮತ್ತು 1916ರಲ್ಲಿ ಹತ್ತು ಕಂತುಗಳಲ್ಲಿ ಬಂದ ಅಪರಾಧಿಗಳ ಕೂಟದ ಕಥೆ, ಇವು ಅವರ ಹೆಸರನ್ನು ಉಳಿಸಿವೆ. ಎರಡನೆಯದು ಒಟ್ಟಾರೆ ಏಳು ಗಂಟೆಗಳಷ್ಟು ದೀರ್ಘ. ಅದರಿಂದ ಅಲ್ಲೊಂದು ಇಲ್ಲೊಂದು ಎಂದು ತುಣುಕುಗಳನ್ನು ಕತ್ತರಿಸಿ ತೋರಿಸಿದರೆ ಅದರ ಸತ್ವ ಸಿಗುವುದಿಲ್ಲ. ಯುದ್ಧಕಾಲದ ಪ್ಯಾರಿಸಿನ ಖಾಲಿ ಬೀದಿಗಳು, ಮಾಮೂಲಿ ಮನೆಗಳ ಗೋಡೆ ಸರಿದು ತೆರೆಯುವ ಗುಪ್ತದ್ವಾರಗಳು, ಕರಿಯ ಬಿಗಿಯುಡುಪಿನಲ್ಲಿ ಛಾವಣಿಯ ಮೇಲೆ ಸರಿಯುವ ನಟಿ ಮ್ಯೂಸಿದೋರಾ, ಇವೆಲ್ಲ ನಿಧಾನವಾಗಿ ಸೇರುತ್ತ ಹೋದಾಗ ಮಾತ್ರ ನಿತ್ಯದ ಜಗತ್ತಿನ ಅಡಿಯಲ್ಲಿ ಇನ್ನೊಂದಿದೆ ಎಂಬ ಆತಂಕ ಹುಟ್ಟುತ್ತದೆ. ಹತ್ತರಲ್ಲಿ ಒಂದೇ ಕಂತನ್ನು ಆರಿಸಿ ಪೂರ್ತಿ ತೋರಿಸಿದ್ದರೆ ಎಷ್ಟೋ ಉತ್ತಮವಾಗುತ್ತಿತ್ತು. ಅದೇ ರೀತಿ 1913ರಲ್ಲಿ ಕಂಪನಿಯ ಇನ್ನೊಬ್ಬ ನಿರ್ದೇಶಕ ಲಿಯೋಂಸ್ ಪೆರೆ ಮಾಡಿದ, ಸುಮಾರು ಎರಡು ಗಂಟೆಯ, ಅಪಹರಣಕ್ಕೊಳಗಾದ ಬಾಲಕಿಯ ಕಥೆಯನ್ನು ಹೆಸರಷ್ಟೇ ಹೇಳಿ ದಾಟಿಸಿಬಿಟ್ಟರು. ಕಿಟಕಿ ಬಾಗಿಲುಗಳ ಹಿಂಬೆಳಕನ್ನು ಅವರಷ್ಟು ಸೂಕ್ಷ್ಮವಾಗಿ ಬಳಸಿದವರು ಆ ವರ್ಷಗಳಲ್ಲಿ ವಿರಳ.

ಕೊನೆಯ ಬೆಳಗ್ಗೆ ಉಳಿದದ್ದನ್ನೆಲ್ಲ ಒಟ್ಟಿಗೆ ತುಂಬಿದಂತಿತ್ತು. 1911ರಲ್ಲಿ ಪ್ಯಾರಿಸಿನ ಕ್ಲಿಶಿ ಚೌಕದ ಬಳಿಯ ಹಿಪ್ಪೋಡ್ರೋಮ್ ಎಂಬ ಪ್ರದರ್ಶನ ಮಂದಿರವನ್ನು ಕಂಪನಿ 3400 ಆಸನಗಳ ಚಿತ್ರಮಂದಿರವಾಗಿ ಮಾರ್ಪಡಿಸಿದ್ದು. ಅದೇ ಡಿಸೆಂಬರಿನ ದೆಹಲಿ ದರ್ಬಾರನ್ನು ಚಿತ್ರಿಸಲು ಬಂದ ಕಂಪನಿಗಳಲ್ಲಿ ಗೋಮೋಂ ಹೆಸರೂ ಇದ್ದದ್ದು. 1912ರಲ್ಲಿ ಮೂರು ಮಸೂರಗಳ ಮೂಲಕ ಮೂರು ವರ್ಣಗಳ ಬಿಂಬಗಳನ್ನು ಪರದೆಯ ಮೇಲೆ ಒಂದಾಗಿಸುವ ವರ್ಣಚಿತ್ರದ ವಿಧಾನವನ್ನು ಪ್ರದರ್ಶಿಸಿದ್ದು, ಇವೆಲ್ಲ ಒಂದೊಂದು ಸ್ಲೈಡಿನಲ್ಲಿ ಹಾದುಹೋದವು. ವರ್ಣವಿಧಾನದ ಬಗ್ಗೆಯಾದರೂ ನಿಲ್ಲಬೇಕಿತ್ತು, ಏಕೆಂದರೆ ಧ್ವನಿಯ ಹಾಗೆಯೇ ಅದೂ ಕಂಪನಿಯ ಸ್ವಭಾವವನ್ನು ಹೇಳುತ್ತದೆ. ಎದುರಾಳಿ ಪಾತೇ ಸಂಸ್ಥೆ 1907ರಲ್ಲಿ ಸುರುಳಿಗಳನ್ನು ಮಾರುವುದನ್ನು ಬಿಟ್ಟು ಬಾಡಿಗೆಗೆ ಕೊಡುವ ಪದ್ಧತಿಗೆ ಹೊರಳಿ ವ್ಯಾಪಾರದ ನಿಯಮವನ್ನೇ ಬದಲಾಯಿಸಿತು, ಗಾತ್ರದಲ್ಲಿ ಜಗತ್ತಿಗೇ ದೊಡ್ಡದಾಯಿತು. ಗೋಮೋಂ ಮಾತ್ರ ತಮ್ಮ ಮೊದಲ ಕಸುಬನ್ನು ಬಿಡದೆ ದನಿ, ಬಣ್ಣ ಎಂದು ಕಾಲಕ್ಕಿಂತ ಮುಂದಿನ ಯಂತ್ರಗಳಿಗೆ ಹಣ ಸುರಿದರು. ಆ ಯಂತ್ರಗಳು ಲಾಭ ತರಲಿಲ್ಲ. ಆದರೆ ದನಿ ಮತ್ತು ಬಣ್ಣ ಸಿನಿಮಾಕ್ಕೆ ಬರಲೇಬೇಕೆಂದು ಅಷ್ಟು ಮೊದಲೇ ಅಷ್ಟು ಗಟ್ಟಿಯಾಗಿ ನಂಬಿದ ತಯಾರಕರು ಇನ್ನೊಬ್ಬರಿಲ್ಲ ಎಂದು ನಾನು ಭಾವಿಸುತ್ತೇನೆ.

ಮಹಾಯುದ್ಧದ ಬಳಿಕದ ಇಳಿಗಾಲವನ್ನು ಹತ್ತು ನಿಮಿಷಗಳಲ್ಲಿ ಮುಗಿಸಿದರು. ಅಮೆರಿಕದ ಚಿತ್ರಗಳ ದಾಳಿ, 1925ರಲ್ಲಿ ಮೆಟ್ರೊ ಗೋಲ್ಡ್‌ವಿನ್ ಜೊತೆಗಿನ ಒಪ್ಪಂದ, 1930ರ ವಿಲೀನ, ಕೊನೆಗೆ 1934ರ ದಿವಾಳಿ. ಕನ್ನಡದ ಮೊದಲ ಮಾತಿನ ಚಿತ್ರ ತೆರೆಗೆ ಬಂದ ವರ್ಷವೂ ಅದೇ ಎಂದು ವಿವರಣೆಕಾರರು ಹೇಳಿದಾಗ, ಆ ಎರಡು ಸಂಗತಿಗಳ ನಡುವೆ ನೇರ ಸಂಬಂಧವಿಲ್ಲದಿದ್ದರೂ, ಪ್ಯಾರಿಸಿನ ಕಾಲಗಣನೆ ನಮ್ಮ ಕಾಲಗಣನೆಯ ಪಕ್ಕ ಬಂದು ನಿಂತಿತು. 1938ರಲ್ಲಿ ಹೊಸ ಹೆಸರು ಮತ್ತು ಹೊಸ ಒಡೆತನದಲ್ಲಿ ಕಂಪನಿ ಮತ್ತೆ ಚೇತರಿಸಿಕೊಂಡಿತು. ಲಿಯೋನ್ ಗೋಮೋಂ 1946ರಲ್ಲಿ, ಆಲಿಸ್ ಗೀ 1968ರಲ್ಲಿ ತೀರಿಕೊಂಡರು.

ಮಾಲಿಕೆಯ ಜೊತೆ ಕೊಟ್ಟ ಕನ್ನಡ ಕಿರುಹೊತ್ತಗೆ ಉಪಯುಕ್ತವಾಗಿದೆ. ಯಂತ್ರಗಳ ರೇಖಾಚಿತ್ರಗಳು ಸ್ಪಷ್ಟವಾಗಿವೆ, ಫ್ರೆಂಚ್ ಹೆಸರುಗಳ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಒಂದೇ ರೀತಿ ಬರೆಯಲಾಗಿದೆ. ಮುಂದಿನ ಮಳೆಗಾಲಕ್ಕೆ ಪಾತೇ ಸಂಸ್ಥೆಯ ಚರಿತ್ರೆಯನ್ನು ಇದೇ ಬಗೆಯಲ್ಲಿ ತೋರಿಸುವ ಯೋಚನೆ ಇದೆಯೆಂದು ಸಂಘಟಕರು ತಿಳಿಸಿದ್ದಾರೆ. ನಾನು ಖಂಡಿತ ಹೋಗುತ್ತೇನೆ. ಸಿನಿಮಾ ಕಲಿಯುತ್ತಿರುವ ಮಂಗಳೂರು, ಮಣಿಪಾಲ, ಉಡುಪಿಯ ವಿದ್ಯಾರ್ಥಿಗಳು ತಪ್ಪಿಸಿಕೊಳ್ಳಬಾರದು. ಮೆಟ್ಟಿಲು ಹತ್ತಲಾಗದ ಹಿರಿಯರು ಮಾತ್ರ ಜಾಗ ಬದಲಾಗಿದೆಯೇ ಎಂದು ಮೊದಲು ವಿಚಾರಿಸಿಕೊಂಡು ಹೊರಡುವುದು ಒಳಿತು.